ಹೆಂಚಿನ ಮನೆಯ ಅಡುಗೆಮನೆಗೆ ಚಿಮಣಿ ಮಾಡಿಸುವ ಮುನ್ನ

ಹಳೆಯ ಹೆಂಚಿನ ಮನೆಯನ್ನು ಕೆಡವದೆ ಉಳಿಸಿಕೊಂಡವರು ಅಡುಗೆಮನೆಗೆ ಬಂದಾಗ ಒಂದು ಕಡೆ ಸಿಕ್ಕಿಕೊಳ್ಳುತ್ತಾರೆ. ಕಟ್ಟೆಗೆ ಹೊಸ ಕಲ್ಲು ಹಾಕಿಸಬಹುದು, ಸಿಂಕ್ ಕೂರಿಸಬಹುದು, ವೈರಿಂಗ್ ಬದಲಿಸಬಹುದು. ಚಿಮಣಿ ಮಾತ್ರ ಎಲ್ಲಿಯೂ ಸರಿಯಾಗಿ ಕೂರುವುದಿಲ್ಲ. ಅಂಗಡಿಯಲ್ಲಿ ಸಿಗುವವು ಸಾಮಾನ್ಯವಾಗಿ 60, 75 ಇಲ್ಲವೇ 90 ಸೆಂಟಿಮೀಟರ್ ಅಗಲದವು. ಸಪಾಟು ಸೀಲಿಂಗ್, ಎರಡಡಿ ಅಗಲದ ಕಟ್ಟೆ, ಹಿಂದೆಯೇ ಹೊರಗೋಡೆ ಇರುವ ಫ್ಲ್ಯಾಟ್ ಅಡುಗೆಮನೆಗೆ ಹೊಂದುವ ಹಾಗೆ ಮಾಡಿದವು. ಹೆಂಚಿನ ಮನೆಯಲ್ಲಿ ಮಾಡು ಇಳಿಜಾರು. ಗೋಡೆ ಒಂದೂವರೆ ಅಡಿ ದಪ್ಪದ ಮಣ್ಣಿನದೋ ಮುರಕಲ್ಲಿನದೋ. ತಲೆಯ ಮೇಲೆ ಅಟ್ಟ. ಮೂಲೆಯಲ್ಲಿ ಇನ್ನೂ ಉರಿಯುವ ಸೌದೆ ಒಲೆ. ಇಂಥ ಕಡೆ ಅಳತೆ ಕೊಟ್ಟು ಮಾಡಿಸುವುದೇ ಸರಿಯಾದ ದಾರಿ. ಹೋಟೆಲ್ ಅಡುಗೆಮನೆಗಳಿಗೆ ಸ್ಟೀಲ್ ಕೆಲಸ ಮಾಡುವ ಫ್ಯಾಬ್ರಿಕೇಶನ್ ಶಾಪ್‌ನವರಿಗೆ ಈ ಕೆಲಸ ಚೆನ್ನಾಗಿ ಗೊತ್ತು. ಆದರೆ ಅವರಿಂದ ಏನು ಮಾಡಿಸಬೇಕು ಅನ್ನುವುದು ನಮಗೆ ಗೊತ್ತಿರಬೇಕಲ್ವಾ?

ಚಿಮಣಿ ಅಂದರೆ ನಾಲ್ಕು ಕೆಲಸ ಒಂದಾಗಿ ಸೇರಿದ ವಸ್ತು. ಒಲೆಯ ಮೇಲೆ ಕವಿದು ಹೊಗೆ ಹಿಡಿಯುವ ತಗಡಿನ ಭಾಗ ಹುಡ್. ಎಣ್ಣೆಯ ಜಿಡ್ಡನ್ನು ತಡೆಯುವುದು ಫಿಲ್ಟರ್. ಗಾಳಿ ಎಳೆಯುವುದು ಬ್ಲೋವರ್. ಹೊರಗೆ ಸಾಗಿಸುವುದು ಪೈಪ್. ಅಂಗಡಿಯಲ್ಲಿ ಮೊದಲು ಹೇಳುವುದು ಬ್ಲೋವರ್‌ನ ಶಕ್ತಿಯನ್ನು: ಗಂಟೆಗೆ 1200 ಘನಮೀಟರ್, 1500 ಘನಮೀಟರ್. ನನ್ನ ಪ್ರಕಾರ ಅದು ಕೊನೆಗೆ ನೋಡಬೇಕಾದದ್ದು. ಹುಡ್‌ನ ಬಾಯಿ, ಪೈಪ್‌ನ ದಾರಿ, ಒಳಗೆ ಬರುವ ಗಾಳಿ, ಈ ಮೂರು ಸರಿಯಿದ್ದರೆ ಸಾಧಾರಣ ಬ್ಲೋವರ್ ಸಾಕು. ಈ ಮೂರೂ ತಪ್ಪಿದ್ದರೆ ಎಷ್ಟು ದೊಡ್ಡ ಬ್ಲೋವರ್ ಹಾಕಿದರೂ ಸದ್ದು ಮಾತ್ರ ಜಾಸ್ತಿ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಾ ಅಂತ ಅನ್ನಿಸಬಹುದು. ಬೇಕು. ಎಣ್ಣೆ ಕಾಯ್ದು ಹೊಗೆಯಾಡುವಾಗ ಹೊರಡುವ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಅವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಜಾಸ್ತಿ ಬಿಸಿಯಲ್ಲಿ ಕರಿಯುವಾಗ ಏಳುವ ಹೊಗೆ ಬಹುಶಃ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2010ರಲ್ಲಿ ವರ್ಗೀಕರಿಸಿದೆ. ಗ್ಯಾಸ್ ಉರಿ ಹೊಗೆಯಿಲ್ಲದ್ದು ಅಂತ ಕಂಡರೂ ಅದರಿಂದ ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ. ಸೌದೆಯದಂತೂ ಹೇಳುವುದೇ ಬೇಡ. ಸೌದೆ, ಬೆರಣಿ, ಇದ್ದಿಲು, ಸೀಮೆಎಣ್ಣೆ ಉರಿಸುವುದರಿಂದ ಮನೆಯೊಳಗೆ ಆಗುವ ವಾಯುಮಾಲಿನ್ಯ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರ ಸಾವಿಗೆ ಕಾರಣವಾಯಿತು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಡುಗೆ ಮಾಡುವವರು ದಿನಾ ಮೂರು ಹೊತ್ತು ಆ ಗಾಳಿಯಲ್ಲೇ ನಿಂತಿರುತ್ತಾರೆ. ಚಿಮಣಿಯನ್ನು ಅಂದದ ವಸ್ತು ಅಂತ ನೋಡುವ ಮೊದಲು ಅವರ ಉಸಿರಿನ ವಿಷಯ ಅಂತ ನೋಡಬೇಕು.

ಮೊದಲು ಹುಡ್‌ನ ಬಾಯಿ. ಉರಿಯುವ ದೀಪವನ್ನು ಒಂದಡಿ ದೂರದಿಂದ ಊದಿ ಆರಿಸಬಹುದು. ಅಷ್ಟೇ ದೂರದಿಂದ ಉಸಿರು ಒಳಗೆಳೆದು ಆರಿಸಲು ಆಗುವುದಿಲ್ಲ. ಊದಿದ ಗಾಳಿ ಒಂದೇ ದಿಕ್ಕಿಗೆ ಹೋಗುತ್ತದೆ, ಎಳೆದ ಗಾಳಿ ಎಲ್ಲ ದಿಕ್ಕಿನಿಂದ ಬರುತ್ತದೆ. ಎಳೆಯುವ ಬಾಯಿಯ ಅಗಲ ಎಷ್ಟೋ ಅಷ್ಟು ದೂರ ಹೋಗುವುದರೊಳಗೆ ಗಾಳಿಯ ವೇಗ ಹತ್ತನೇ ಒಂದು ಪಾಲಿಗೆ ಇಳಿದುಬಿಡುತ್ತದೆ. ಹಾಗಾಗಿ ಬ್ಲೋವರ್ ದೂರದ ಹೊಗೆಯನ್ನು ಹುಡುಕಿ ಎಳೆದುಕೊಳ್ಳುತ್ತದೆ ಅನ್ನುವುದು ತಪ್ಪು ನಂಬಿಕೆ. ಬಿಸಿ ಹೊಗೆ ತಾನಾಗಿಯೇ ಮೇಲೆ ಏಳುತ್ತದೆ, ಏಳುತ್ತಾ ಅಗಲವಾಗುತ್ತದೆ. ಅದು ಬರುವ ದಾರಿಯಲ್ಲಿ ಹುಡ್ ಕಾದು ನಿಂತಿರಬೇಕು, ಅಷ್ಟೇ.

ಇದರಿಂದ ಎರಡು ಅಳತೆ ಹುಟ್ಟುತ್ತವೆ. ಅಗಲದಲ್ಲಿ ಹುಡ್ ಒಲೆಗಿಂತ ಎರಡೂ ಬದಿ ಮೂರು ಮೂರು ಇಂಚು ಹೊರಗೆ ಚಾಚಿರಲಿ. ಒಲೆ 30 ಇಂಚಿದ್ದರೆ ಹುಡ್ 36 ಇಂಚು. ಇನ್ನೊಂದು, ಯಾರೂ ಕೇಳದ ಅಳತೆ: ಗೋಡೆಯಿಂದ ಮುಂದಕ್ಕೆ ಎಷ್ಟು ಚಾಚಿದೆ ಅನ್ನುವುದು. ಅಂಗಡಿಯ ಹುಡ್ ಮುಂದಿನ ಬರ್ನರ್‌ನ ಅರ್ಧಕ್ಕೇ ನಿಂತುಬಿಡುವುದುಂಟು. ನಾವು ಒಗ್ಗರಣೆ ಹಾಕುವುದು, ದೋಸೆ ಹುಯ್ಯುವುದು, ರೊಟ್ಟಿ ಬೇಯಿಸುವುದು ಯಾವಾಗಲೂ ಮುಂದಿನ ಬರ್ನರ್‌ನಲ್ಲೇ. ಹಬ್ಬದ ದಿನ ದೊಡ್ಡ ಬಾಣಲೆ ಇಟ್ಟರೆ ಅದು ಕಟ್ಟೆಯ ಅಂಚಿನವರೆಗೂ ಬರುತ್ತದೆ. ಮಾಡಿಸುವಾಗ 22ರಿಂದ 24 ಇಂಚು ಮುಂದೆ ಬರುವ ಹಾಗೆ ಮಾಡಿಸಿ. ಅಳತೆ ಕೊಟ್ಟು ಮಾಡಿಸುವುದರ ದೊಡ್ಡ ಲಾಭವೇ ಇದು.

ಅಷ್ಟು ಮುಂದೆ ಬಂದರೆ ತಲೆಗೆ ತಾಗುತ್ತದೆಯಲ್ಲ? ಹೌದು, ಅದಕ್ಕೇ ಎತ್ತರವನ್ನು ಅಡುಗೆ ಮಾಡುವವರನ್ನು ನಿಲ್ಲಿಸಿಯೇ ನಿರ್ಧರಿಸಬೇಕು. ಗ್ಯಾಸ್ ಒಲೆಯ ಮೇಲ್ಭಾಗದಿಂದ ಹುಡ್‌ನ ಕೆಳ ಅಂಚಿಗೆ 65ರಿಂದ 75 ಸೆಂಟಿಮೀಟರ್ ಇರುವುದು ವಾಡಿಕೆ. ಅದಕ್ಕಿಂತ ಕೆಳಗೆ ಬಂದರೆ ಬೆಂಕಿಯ ಅಪಾಯ, ಮೇಲೆ ಹೋದರೆ ಹೊಗೆ ತಪ್ಪಿಸಿಕೊಳ್ಳುತ್ತದೆ. ಕಟ್ಟೆ ಮತ್ತು ಒಲೆ ಸೇರಿ ನೆಲದಿಂದ 36 ಇಂಚು, ಅದರ ಮೇಲೆ 28 ಇಂಚು ಅಂದರೆ 64 ಇಂಚು. ಐದಡಿ ಎರಡಿಂಚಿನವರಿಗೆ ತಾಗುವುದಿಲ್ಲ, ಐದಡಿ ಎಂಟಿಂಚಿನವರಿಗೆ ಹಣೆಗೆ ಬಡಿಯುತ್ತದೆ. ಇಬ್ಬರೂ ಅಡುಗೆ ಮಾಡುವ ಮನೆಯಾದರೆ ಹುಡ್‌ನ ಮುಂದಿನ ಅಂಚನ್ನು ಹಿಂದಿನದಕ್ಕಿಂತ ಮೂರ್ನಾಲ್ಕು ಇಂಚು ಎತ್ತರಿಸಿ ಓರೆಯಾಗಿ ಮಾಡಿಸಿ. ಅಂಚನ್ನು ಒಳಕ್ಕೆ ಮಡಚಿ ದುಂಡಗೆ ಮಾಡಲು ಹೇಳಿ. ಕತ್ತರಿಸಿದ ಸ್ಟೀಲಿನ ಅಂಚು ಚಾಕುವಿನಷ್ಟೇ ಹರಿತ.

ಹುಡ್ ಆಳವಾಗಿರುವುದು ಇನ್ನೊಂದು ಒಳ್ಳೆಯ ಗುಣ. ಚಪ್ಪಟೆ ಗಾಜಿನ ಚಿಮಣಿಗಳು ನೋಡಲು ಚೆಂದ, ಆದರೆ ಅವಕ್ಕೆ ಹೊಟ್ಟೆಯೇ ಇಲ್ಲ. ನಮ್ಮ ಅಡುಗೆಯ ಹೊಗೆ ಒಂದೇ ಸಮನಾಗಿ ಬರುವಂಥದ್ದಲ್ಲ. ಸಾರು ಕುದಿಯುವಾಗ ಬರೀ ಆವಿ. ಕಾದ ಎಣ್ಣೆಗೆ ಒಣಮೆಣಸಿನಕಾಯಿ ಬಿದ್ದ ತಕ್ಷಣ ಎರಡು ಮೂರು ಸೆಕೆಂಡಿನಲ್ಲಿ ಘಾಟಿನ ಮೋಡವೇ ಏಳುತ್ತದೆ. ಅಷ್ಟನ್ನೂ ಆ ಕ್ಷಣಕ್ಕೆ ಎಳೆದುಹಾಕಲು ಯಾವ ಬ್ಲೋವರ್‌ಗೂ ಆಗುವುದಿಲ್ಲ. ಒಂದಡಿ ಆಳದ ಗೋಪುರದಂಥ ಹುಡ್ ಇದ್ದರೆ ಆ ಮೋಡ ಅದರೊಳಗೆ ನಿಲ್ಲುತ್ತದೆ, ಬ್ಲೋವರ್ ನಿಧಾನವಾಗಿ ಖಾಲಿ ಮಾಡುತ್ತದೆ. ಹಳೆಯ ಕಾಲದ ಆಕಾರ ಅಂತ ಕೆಲವರು ಬೇಡವೆನ್ನುವ ಆ ಗೋಪುರವೇ ಒಗ್ಗರಣೆಯ ಅಡುಗೆಗೆ ಸರಿಯಾದದ್ದು. ಹೆಂಚಿನ ಮನೆಗೆ ಅದು ಒಪ್ಪುತ್ತದೆ ಕೂಡ.

ಈಗ ಪೈಪ್. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಆರಿಂಚಿನ ಪೈಪ್ ಬದಲು ನಾಲ್ಕಿಂಚಿನದು ಹಾಕಿದರೆ ಏನಾಗುತ್ತದೆ? ಎರಡಿಂಚು ತಾನೇ ಅಂತ ಅನ್ನಿಸುತ್ತದೆ. ಆದರೆ ಗಾಳಿ ಸಾಗುವ ಜಾಗ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಅಷ್ಟೇ ಗಾಳಿಯನ್ನು ಅದರಲ್ಲಿ ತೂರಿಸಬೇಕಾದರೆ ತಡೆ ಏಳು ಪಟ್ಟಿಗಿಂತ ಜಾಸ್ತಿ. ಗಂಟೆಗೆ 500 ಘನಮೀಟರ್ ಗಾಳಿ ಆರಿಂಚಿನ ಪೈಪಿನಲ್ಲಿ ಸೆಕೆಂಡಿಗೆ ಸುಮಾರು 8 ಮೀಟರ್ ವೇಗದಲ್ಲಿ ಹೋಗುತ್ತದೆ, ನಾಲ್ಕಿಂಚಿನದರಲ್ಲಿ 17 ಮೀಟರ್ ದಾಟುತ್ತದೆ. ಆ ವೇಗವೇ ನಮಗೆ ಕೇಳುವ ಭೋರೆನ್ನುವ ಸದ್ದು. ಮನೆಯವರು ಸದ್ದಿಗೆ ಬೇಸತ್ತು ಚಿಮಣಿ ಹಾಕುವುದನ್ನೇ ಬಿಡುತ್ತಾರೆ.

ಆದ್ದರಿಂದ ಬ್ಲೋವರ್‌ನ ಬಾಯಿ ಎಷ್ಟಿದೆಯೋ ಅಷ್ಟೇ ಅಳತೆಯ ಪೈಪ್ ಕೊನೆಯವರೆಗೂ ಇರಲಿ. ಕಡಿಮೆಯೆಂದರೆ ಆರಿಂಚು, ದೂರ ಜಾಸ್ತಿಯಿದ್ದರೆ ಎಂಟಿಂಚು. ಸುಕ್ಕುಸುಕ್ಕಾದ ಅಲ್ಯೂಮಿನಿಯಂ ಪೈಪ್ ಬೇಡ. ಅದರ ಸುಕ್ಕುಗಳಲ್ಲಿ ಜಿಡ್ಡು ಕೂರುತ್ತದೆ, ಗಾಳಿಗೂ ತಡೆ. ನುಣುಪಾದ ಜಿಐ (ಸತು ಲೇಪಿಸಿದ ಕಬ್ಬಿಣ) ಅಥವಾ ಸ್ಟೀಲ್ ಪೈಪ್ ಹಾಕಿಸಿ. ತಿರುವು ಎರಡಕ್ಕಿಂತ ಹೆಚ್ಚಾಗದಿರಲಿ. ಲಂಬಕೋನದ ಒಂದೊಂದು ತಿರುವೂ ಹಲವು ಅಡಿ ನೇರ ಪೈಪಿನಷ್ಟು ತಡೆ ಒಡ್ಡುತ್ತದೆ. ಮಲಗಿಸಿದ ಪೈಪ್ ಹೊರಗಡೆಗೆ ತುಸು ಇಳಿಜಾರಾಗಿರಲಿ, ಆಗ ಒಳಗೆ ತಣಿದ ನೀರು ಬ್ಲೋವರ್‌ಗೆ ಹಿಂದಿರುಗುವುದಿಲ್ಲ.

ಹೊರಗೆ ಎಲ್ಲಿ ಬಿಡುವುದು? ಗೋಡೆ ತೂತು ಮಾಡುವುದು ಸುಲಭ, ಆದರೆ ಮಣ್ಣಿನ ಗೋಡೆಯಲ್ಲಿ ಸುತ್ತಿಗೆ ಉಳಿ ಹಿಡಿದು ಒಡೆದರೆ ಸುತ್ತಲೂ ಬಿರುಕು ಬಿಡುತ್ತದೆ. ಕೋರ್ ಕಟಿಂಗ್ ಮಷಿನ್‌ನವರನ್ನು ಕರೆಸಿ ದುಂಡಗೆ ಕೊರೆಸಿ. ನೀರು ಹಾಕದೆ ಕೊರೆಯಲು ಹೇಳಿ, ಮಣ್ಣಿನ ಗೋಡೆ ನೀರು ಕುಡಿದರೆ ಕರಗುತ್ತದೆ. ತೊಲೆ ಕೂತಿರುವ ಜಾಗದ ಕೆಳಗೆ ಮಾತ್ರ ಕೊರೆಯಬೇಡಿ.

ಮಾಡಿನ ಮೂಲಕ ಬಿಡುವುದಾದರೆ ಪೈಪ್ ಪಕಾಸಿಗಳ (ಮಾಡನ್ನು ಹೊತ್ತ ಓರೆ ಮರಗಳ) ನಡುವೆ ಬರುವ ಹಾಗೆ ಮೊದಲೇ ಗುರುತು ಹಾಕಿ, ಅದಕ್ಕೆ ಸರಿಯಾಗಿ ಹುಡ್ ಮಾಡಿಸಿ. ಹುಡ್ ಕೂರಿಸಿದ ಮೇಲೆ ಪಕಾಸಿ ಅಡ್ಡ ಬಂತು ಅಂತ ಮರ ಕತ್ತರಿಸಬೇಡಿ. ಮಂಗಳೂರು ಹೆಂಚಿನ ಮಾಡಿಗೆ ಒಂದು ಅನುಕೂಲವಿದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಶುರುಮಾಡಿದಾಗಿನಿಂದಲೂ ಆ ಹೆಂಚು ಒಂದಕ್ಕೊಂದು ಕೊಂಡಿಯಂತೆ ಕೂರುವಂಥದ್ದು. ಒಡೆಯದೆ ನಾಲ್ಕೈದು ಹೆಂಚು ತೆಗೆದು ಮತ್ತೆ ಹೊದಿಸಬಹುದು. ಪೈಪಿನ ಸುತ್ತ ಒಂದು ಚಚ್ಚೌಕ ತಗಡು ಬೆಸೆಸಿ. ಆ ತಗಡಿನ ಮೇಲಂಚು ಮೇಲಿನ ಸಾಲಿನ ಹೆಂಚಿನ ಅಡಿಗೆ ಹೋಗಬೇಕು, ಕೆಳಂಚು ಕೆಳಸಾಲಿನ ಹೆಂಚಿನ ಮೇಲೆ ಬರಬೇಕು. ನೀರು ತಾನೇ ಜಾರಿ ಹೋಗುತ್ತದೆ. ಇದನ್ನು ಬಿಟ್ಟು ಸುತ್ತ ಸಿಮೆಂಟ್ ಮೆತ್ತಿದರೆ ಅದು ಬಿಸಿಲಿಗೆ ಬಿರುಕು ಬಿಟ್ಟು ಮುಂದಿನ ಮಳೆಗಾಲಕ್ಕೆ ಸೋರುತ್ತದೆ. ಮಲೆನಾಡಿನ ಮಳೆಗೆ, ಅದರಲ್ಲೂ ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಆಗುಂಬೆಯ ಕಡೆ, ಸಿಮೆಂಟ್ ಮತ್ತು ಅಂಟನ್ನು ನಂಬಿ ಕೂರಬಾರದು. ಪೈಪಿನ ತುದಿಗೆ ಟೋಪಿ ಇರಲಿ. ಹಕ್ಕಿ ಬಾರದ ಹಾಗೆ ದೊಡ್ಡ ಕಣ್ಣಿನ ಜಾಲರಿ ಸಾಕು. ಸೊಳ್ಳೆಪರದೆಯಂಥ ಸಣ್ಣ ಜಾಲರಿ ಹಾಕಿದರೆ ಕೆಲವೇ ತಿಂಗಳಲ್ಲಿ ಜಿಡ್ಡಿಗೆ ಮುಚ್ಚಿಹೋಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಪೈಪನ್ನು ಅಟ್ಟದೊಳಗೆ ಬಿಟ್ಟು ಹೆಂಚಿನ ಸಂದಿಯಿಂದ ಹೊಗೆ ತಾನಾಗಿ ಹೋಗುತ್ತದೆ ಬಿಡಿ ಅಂತ ಕೆಲವು ಕೆಲಸಗಾರರು ಹೇಳುತ್ತಾರೆ. ಒಪ್ಪಬೇಡಿ. ಹೊಗೆ ಹೋಗುತ್ತದೆ, ಎಣ್ಣೆ ಅಲ್ಲೇ ಉಳಿಯುತ್ತದೆ. ಒಣಗಿದ ಹಳೆಯ ಮರದ ಮೇಲೆ ಎಣ್ಣೆಯ ಪದರ ಕಟ್ಟಿಸುವುದು ಬೆಂಕಿಗೆ ನಾವೇ ಸಿದ್ಧತೆ ಮಾಡಿಕೊಟ್ಟ ಹಾಗೆ.

ಬ್ಲೋವರ್‌ನ ಲೆಕ್ಕಕ್ಕೆ ಈಗ ಬರಬಹುದು. ಅಮೆರಿಕದಲ್ಲಿ ಬಳಕೆಯಲ್ಲಿರುವ ಒಂದು ಲೆಕ್ಕದ ಪ್ರಕಾರ ಗೋಡೆಗೆ ತಾಗಿದ ಹುಡ್‌ಗೆ ಪ್ರತಿ ಅಡಿ ಅಗಲಕ್ಕೆ ನಿಮಿಷಕ್ಕೆ 100 ಘನ ಅಡಿ ಗಾಳಿ ಬೇಕು. ಮೂರಡಿ ಹುಡ್‌ಗೆ 300 ಘನ ಅಡಿ. ನಮ್ಮ ಅಂಗಡಿಯ ಭಾಷೆಯಲ್ಲಿ ಗಂಟೆಗೆ ಸುಮಾರು 510 ಘನಮೀಟರ್. ಹಾಗಾದರೆ 1500ರ ಚಿಮಣಿ ಯಾಕೆ ಮಾರುತ್ತಾರೆ? ಡಬ್ಬಿಯ ಮೇಲಿನ ಆ ಸಂಖ್ಯೆ ಸಾಮಾನ್ಯವಾಗಿ ಬ್ಲೋವರ್‌ಗೆ ಯಾವ ತಡೆಯೂ ಇಲ್ಲದಾಗಿನದು. ಫಿಲ್ಟರ್, ತಿರುವು, ಪೈಪ್, ಟೋಪಿ ಎಲ್ಲ ಸೇರಿದಾಗ ಅದು ತುಂಬ ಇಳಿಯುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಇಷ್ಟು ಪಾಸ್ಕಲ್ ಒತ್ತಡದ ಎದುರು ಎಷ್ಟು ಗಾಳಿ ಕೊಡುತ್ತದೆ? ಒಳ್ಳೆಯ ಬ್ಲೋವರ್ ತಯಾರಕರು ಇದರ ಗ್ರಾಫ್ ಕೊಡುತ್ತಾರೆ. 100 ಪಾಸ್ಕಲ್ ತಡೆಯಲ್ಲಿ 600 ಘನಮೀಟರ್ ಕೊಟ್ಟರೆ ಮನೆಯ ಅಡುಗೆಗೆ ಧಾರಾಳ ಸಾಕು.

ಅಟ್ಟವಿರುವ ಮನೆಗೆ ಇಲ್ಲಿ ಒಂದು ಅನುಕೂಲವಿದೆ. ಬ್ಲೋವರನ್ನು ಹುಡ್‌ನೊಳಗೆ ಕೂರಿಸುವ ಬದಲು ಪೈಪಿನ ನಡುವೆ ಅಟ್ಟದಲ್ಲಿ ಕೂರಿಸಬಹುದು. ಒಲೆಯ ಮುಂದೆ ಮಾತಾಡಿದರೆ ಕೇಳುವಷ್ಟು ಸದ್ದು ಇಳಿಯುತ್ತದೆ. ಆದರೆ ಜಿಡ್ಡಿನ ಗಾಳಿಗೆ ಅಂತಲೇ ಮಾಡಿದ ಬ್ಲೋವರ್ ಆಗಿರಬೇಕು, ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಅಲ್ಲ. ಹತ್ತಿ ಕೂತು ತೊಳೆಯಲು ಜಾಗ, ಬಿಚ್ಚಲು ಬಾಗಿಲು, ಸರಿಯಾದ ಅರ್ಥಿಂಗ್ ಇರಬೇಕು. ಪೈಪ್ ಇಲ್ಲದೆ ಇದ್ದಿಲಿನ ಫಿಲ್ಟರ್ ಮೂಲಕ ಗಾಳಿಯನ್ನು ಒಳಗೇ ಬಿಡುವ ಚಿಮಣಿಗಳೂ ಇವೆ. ಸೆಖೆ ಮತ್ತು ಆವಿಯನ್ನು ಅವು ಹೊರಗೆ ಹಾಕುವುದಿಲ್ಲ. ಹೊರಗೆ ಬಿಡಲು ದಾರಿ ಇರುವ ಮನೆಗೆ ಅವು ಬೇಡ.

ಫಿಲ್ಟರ್‌ನಲ್ಲಿ ನನ್ನ ಆಯ್ಕೆ ಸ್ಟೀಲಿನ ಬ್ಯಾಫಲ್. ಬಾಗಿದ ಪಟ್ಟಿಗಳ ನಡುವೆ ಗಾಳಿ ತಿರುಗಿ ಹೋಗುವಾಗ ಎಣ್ಣೆಯ ಹನಿ ತಿರುಗಲಾರದೆ ಪಟ್ಟಿಗೆ ಬಡಿದು ಕೆಳಗಿನ ಕಾಲುವೆಗೆ ಇಳಿಯುತ್ತದೆ. ಜಾಲರಿಯ ಫಿಲ್ಟರ್‌ನಂತೆ ಬೇಗ ಮುಚ್ಚಿಕೊಳ್ಳುವುದಿಲ್ಲ. ಬಿಸಿನೀರು, ವಾಷಿಂಗ್ ಸೋಡಾದಲ್ಲಿ ನೆನೆಸಿಟ್ಟರೆ ಜಿಡ್ಡು ಬಿಡುತ್ತದೆ. ಒಂದು ಕಿವಿಮಾತು: ಫಿಲ್ಟರ್ ಮತ್ತು ಬ್ಲೋವರನ್ನು ಮೊದಲು ಕೊಂಡು, ಅವುಗಳ ಅಳತೆಗೆ ಹುಡ್ ಮಾಡಿಸಿ. ಹುಡ್ ಮಾಡಿಸಿ ಆಮೇಲೆ ಫಿಲ್ಟರ್ ಹುಡುಕಿದರೆ ಹೊಂದುವ ಅಳತೆ ಮಾರುಕಟ್ಟೆಯಲ್ಲಿ ಸಿಗದೆ ಹೋಗಬಹುದು.

ತಗಡು ಎಸ್‌ಎಸ್ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಇರಲಿ, ಒಂದು ಮಿಲಿಮೀಟರ್ ದಪ್ಪ. ಅಯಸ್ಕಾಂತ ಹಿಡಿದು ಅಂಟಲಿಲ್ಲ, ಹಾಗಾಗಿ 304 ಅಂತ ತೋರಿಸುವವರಿದ್ದಾರೆ. ಅಗ್ಗದ 202 ಕೂಡ ಅಂಟುವುದಿಲ್ಲ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. ಬೆಸುಗೆ ಆರ್ಗಾನ್‌ನಲ್ಲಿ ಆಗಲಿ, ಸಂದಿಯಿಲ್ಲದೆ ಪೂರ್ತಿ ಆಗಲಿ. ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ ನಡುವೆ ಸಿಲಿಕಾನ್ ಮೆತ್ತಿದರೆ ಬಿಸಿಗೆ ಬಿಟ್ಟುಕೊಂಡು ಎಣ್ಣೆ ತೊಟ್ಟಿಕ್ಕುತ್ತದೆ. ಹೊರಗಿನ ಅಂದ ನಿಮ್ಮಿಷ್ಟ. ತಾಮ್ರದ ಹಾಳೆ ಹೊದಿಸಬಹುದು, ಹುಣಸೆಹಣ್ಣಿನಲ್ಲಿ ತಿಕ್ಕುವ ಅಭ್ಯಾಸವಿರುವ ಮನೆಗೆ ಅದೇನೂ ಹೊರೆಯಲ್ಲ. ಸಿಮೆಂಟ್ ಬೋರ್ಡಿನ ಮೇಲೆ ಸುಣ್ಣ ಬಳಿದು ಗೋಡೆಯೊಂದಿಗೆ ಬೆರೆಸಬಹುದು. ಮರದ ಚೌಕಟ್ಟು ಬೇಕೆಂದರೆ ಅದು ಹುಡ್‌ನ ಹೊರಗೆ, ಮೇಲುಗಡೆ ಮಾತ್ರ. ಒಲೆಗೆ ಮುಖ ಮಾಡಿದ ಯಾವ ಭಾಗದಲ್ಲೂ ಮರ ಇರಬಾರದು.

ಇನ್ನು ಜನ ಮರೆಯುವ ಮೂರನೆಯ ವಿಷಯ, ಒಳಗೆ ಬರುವ ಗಾಳಿ. ಬ್ಲೋವರ್ ಗಂಟೆಗೆ 500 ಘನಮೀಟರ್ ಹೊರಹಾಕಬೇಕಾದರೆ ಅಷ್ಟೇ ಗಾಳಿ ಒಳಗೆ ಬರಬೇಕು. ಹಗುರಾಗಿ ಬರಲು ಸುಮಾರು ಒಂದೂವರೆ ಚದರಡಿ ತೆರವು ಬೇಕು. ಬರೀ ಹೆಂಚು ಹೊದಿಸಿದ ಮಾಡಿನ ಸಂದಿಗಳಲ್ಲೇ ಅಷ್ಟು ಗಾಳಿ ಬರುತ್ತದೆ. ಆದರೆ ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿಸಿ, ಬೆಳಕಿಂಡಿ ಮುಚ್ಚಿಸಿ, ಕಿಟಕಿಗೆ ಗಾಜು ಕೂರಿಸಿದ ಮೇಲೆ ಆ ದಾರಿ ಬಂದ್. ಆಗ ಚಿಮಣಿ ಬಡಕೊಳ್ಳುತ್ತದೆ, ಹೊಗೆ ಹೋಗುವುದಿಲ್ಲ. ಒಲೆಯಿಂದ ದೂರದ ಗೋಡೆಯಲ್ಲಿ, ಕೆಳಮಟ್ಟದಲ್ಲಿ ಒಂದು ಜಾಲಂಧ್ರ ಇಡಿಸಿ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡುತ್ತದೆ. ಆ ಜಾಲಂಧ್ರ ಅದಕ್ಕೂ ದಾರಿ. ಗ್ಯಾಸ್ ವಾಸನೆ ಬಂದಾಗ ಚಿಮಣಿಯ ಸ್ವಿಚ್ ಒತ್ತಲೇಬಾರದು. ಕಿಡಿ ಹಾರಿದರೆ ಸ್ಫೋಟ.

ಸೌದೆ ಒಲೆ ಇರುವ ಮನೆಯಲ್ಲಿ ಒಳಬರುವ ಗಾಳಿಯ ಲೆಕ್ಕ ಜೀವದ ಪ್ರಶ್ನೆ. ಒಲೆಯ ಹೊಗೆಕೊಳವೆ ಬಿಸಿ ಗಾಳಿಯ ಬಲದಿಂದ ಮಾತ್ರ ಎಳೆಯುತ್ತದೆ. ಆ ಎಳೆತ ತೀರ ಮೆದು, ಹತ್ತಿಪ್ಪತ್ತು ಪಾಸ್ಕಲ್. ಬ್ಲೋವರ್‌ನದು ಅದರ ಹಲವು ಪಟ್ಟು. ಕಿಟಕಿ ಮುಚ್ಚಿ ಎರಡನ್ನೂ ಒಟ್ಟಿಗೆ ಬಳಸಿದರೆ ಬ್ಲೋವರ್ ಸೌದೆ ಒಲೆಯ ಹೊಗೆಯನ್ನು ಕೊಳವೆಯಿಂದ ಹಿಂದಕ್ಕೆ, ಮನೆಯೊಳಕ್ಕೆ ಎಳೆಯುತ್ತದೆ. ಕೆಂಡ ಮಾತ್ರ ಉಳಿದಾಗ ಇನ್ನೂ ಅಪಾಯ. ಆಗ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪರೀಕ್ಷೆ ಸುಲಭ. ಒಲೆ ಹೊತ್ತಿಸುವ ಮೊದಲು ಬಾಗಿಲು ಕಿಟಕಿ ಹಾಕಿ, ಚಿಮಣಿ ಪೂರ್ತಿ ಜೋರಾಗಿಟ್ಟು, ಒಲೆಯ ಬಾಯಿಗೆ ಊದುಬತ್ತಿ ಹಿಡಿಯಿರಿ. ಹೊಗೆ ಕೋಣೆಯೊಳಗೆ ಬಂದರೆ ಗಾಳಿಯ ದಾರಿ ಸಾಲದು. ಒಳ ಹೋದರೂ ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಗೋಡೆಗೆ ಹಾಕಿಬಿಡಿ.

ಸೌದೆ ಒಲೆಗೂ ಗ್ಯಾಸಿನ ಹುಡ್‌ಗೂ ಒಂದೇ ಪೈಪ್ ಯಾವತ್ತೂ ಬೇಡ. ಎಣ್ಣೆ ಜಿಡ್ಡಿರುವ ಪೈಪಿಗೆ ಸೌದೆಯ ಕಿಡಿ ಹೋದರೆ ಪೈಪೇ ಉರಿಯುತ್ತದೆ. ಸೌದೆ ಒಲೆಯನ್ನು ಉಳಿಸಿಕೊಳ್ಳುವವರಿಗೆ ಬ್ಲೋವರ್‌ಗಿಂತ ಒಳ್ಳೆಯ ಉತ್ತರ ಒಲೆಯನ್ನೇ ಸರಿಪಡಿಸುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸಲು ಶುರುವಾದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಗೆ ಸುತ್ತ ಮುಚ್ಚಿದ ಉರಿಗೂಡು, ತನ್ನದೇ ಕೊಳವೆ ಇದೆ. ಹೊಗೆ ಹೊರಗೆ ಹೋಗುವುದಲ್ಲದೆ ಸೌದೆಯೂ ಉಳಿಯುತ್ತದೆ. ಹಳೆಯ ಒಲೆಗೆ ಆಸ್ಬೆಸ್ಟಾಸ್ ಸಿಮೆಂಟಿನ ಕೊಳವೆ ಇದ್ದರೆ ಅದನ್ನು ಗರಗಸದಲ್ಲಿ ಕೊಯ್ಯಬೇಡಿ, ಆ ಧೂಳು ಕ್ಯಾನ್ಸರ್ ತರುತ್ತದೆ. ಒದ್ದೆ ಮಾಡಿ, ಮುರಿಯದೆ ಇಡಿಯಾಗಿ ಇಳಿಸಿ.

ಹೊಗೆಯೆಲ್ಲ ಹೊರಗೆ ಹೋಗಲು ಶುರುವಾದ ಮೇಲೆ ಅಟ್ಟದ ಬಗ್ಗೆ ಯೋಚಿಸಬೇಕಾಗುತ್ತದೆ. ಇಷ್ಟು ವರ್ಷ ಆ ಹೊಗೆಯೇ ಪಕಾಸಿಗಳನ್ನು, ಹೆಂಚು ಕೂರುವ ಮರದ ಪಟ್ಟಿಗಳಾದ ರೀಪುಗಳನ್ನು ಒಣಗಿಸಿಟ್ಟು ಹುಳ ಬಾರದ ಹಾಗೆ ಕಾದಿತ್ತು. ಕೊಬ್ಬರಿ, ಹುಳಿಗೆ ಬಳಸುವ ಉಪ್ಪಾಗೆ ಸಿಪ್ಪೆ ಒಣಗುತ್ತಿದ್ದದ್ದೂ ಅದೇ ಬಿಸಿಯಲ್ಲಿ. ಚಿಮಣಿ ಬಂದ ಮನೆಯಲ್ಲಿ ಮರಕ್ಕೆ ಬೇರೆ ರಕ್ಷಣೆ ಬೇಕು. ಕೆಲಸ ಮುಗಿದು ಹೆಂಚು ತೆಗೆದಿರುವಾಗಲೇ ಮಸಿ ಕೆರೆದು, ಹುಳ ಹಿಡಿದ ರೀಪು ಬದಲಿಸಿ, ಉಳಿದದ್ದಕ್ಕೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಬಳಿಸಿ. ಅದು ಚರ್ಮ ಸುಡುತ್ತದೆ, ಕೈಗವಸು ಹಾಕಿಕೊಳ್ಳಲು ಹೇಳಿ. ಬೆಂಕಿಯೂ ಹಿಡಿಯುತ್ತದೆ, ಹಾಗಾಗಿ ಪೈಪ್ ಹಾದುಹೋಗುವ ಜಾಗದ ಸುತ್ತ ಬಳಿಯುವುದು ಬೇಡ, ಅದು ಪೂರ್ತಿ ಒಣಗುವವರೆಗೆ ಕೆಳಗೆ ಒಲೆ ಹೊತ್ತಿಸುವುದೂ ಬೇಡ. ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಟಾರ್ಚ್ ಹಿಡಿದು ಅಟ್ಟ ಹತ್ತಿದಾಗ ಪೈಪಿನ ಕೀಲುಗಳನ್ನೂ, ಅದರ ಪಕ್ಕದ ಪಕಾಸಿಗಳನ್ನೂ ಒಟ್ಟಿಗೇ ನೋಡಿಬಿಡಬಹುದು.